ಪಿನ್ನು ಕೂತರೆ ಸಾಲದು

ನುಡಿಸುವ ಕೀಬೋರ್ಡಿನ ಅಡಾಪ್ಟರ್ ಕಳೆದರೆ ಮನೆಯಲ್ಲಿರುವ ವೈಫೈ ರೌಟರಿನದನ್ನೇ ಚುಚ್ಚಿ ನೋಡುವವರು ಬಹಳ. ಪಿನ್ನು ಸಲೀಸಾಗಿ ಕೂರುತ್ತದೆ, ಅಪಾಯ ಇರುವುದೇ ಅಲ್ಲಿ. ರೌಟರ್‌ಗಳಲ್ಲಿ ಸಾಮಾನ್ಯವಾಗಿ ಪಿನ್ನಿನ ಒಳಭಾಗ ಪ್ಲಸ್, ಹೊರಲೋಹ ಮೈನಸ್. ಯಮಾಹಾ ಕೀಬೋರ್ಡ್‌ಗಳ 12 ವೋಲ್ಟ್ ಅಡಾಪ್ಟರ್ ಕೂಡ ಹಾಗೇ. ಆದರೆ ಬಾಸ್ ಕಂಪನಿಯ ಗಿಟಾರ್ ಪೆಡಲ್‌ಗಳು, ಕ್ಯಾಸಿಯೊದ ಹಳೆಯ ಹಲವು 9 ವೋಲ್ಟ್ ಕೀಬೋರ್ಡ್‌ಗಳು ಇದಕ್ಕೆ ತದ್ವಿರುದ್ಧ, ಒಳಗೆ ಮೈನಸ್. ಉಲ್ಟಾ ಕೊಟ್ಟರೆ, ರಕ್ಷಣೆಗೆ ಡಯೋಡ್ ಇಲ್ಲದ ಉಪಕರಣದಲ್ಲಿ ಐಸಿ ಸುಟ್ಟುಹೋಗಬಹುದು, ಕೆಪಾಸಿಟರ್ ಉಬ್ಬಿ ಒಡೆಯಬಹುದು.

ಉಪಕರಣದ ಜಾಕ್ ಪಕ್ಕದಲ್ಲಿ ಸಾಮಾನ್ಯವಾಗಿ ಒಂದು ಪುಟ್ಟ ಚಿತ್ರ ಇರುತ್ತದೆ: ನಡುವೆ ಚುಕ್ಕಿ, ಸುತ್ತ ಬಾಯ್ತೆರೆದ ಬಳೆ. ಚುಕ್ಕಿಯಿಂದ ಹೊರಟ ಗೆರೆ ಯಾವ ಚಿಹ್ನೆಯನ್ನು ಮುಟ್ಟುತ್ತದೋ ಅದೇ ಒಳಗಿನ ಧ್ರುವ. ಅಡಾಪ್ಟರ್ ಮೇಲಿನ ಅಚ್ಚು ಅಳಿಸಿಹೋಗಿದೆಯೇ? ಮಲ್ಟಿಮೀಟರನ್ನು ಡಿಸಿ ವೋಲ್ಟಿಗಿಟ್ಟು ಕೆಂಪು ಕಡ್ಡಿಯನ್ನು ಪಿನ್ನಿನೊಳಗೆ, ಕಪ್ಪನ್ನು ಹೊರಗೆ ತಾಗಿಸಿ. ಅಂಕಿಯ ಎಡಕ್ಕೆ ಮೈನಸ್ ಗುರುತು ಬಂದರೆ ಒಳಗೆ ಮೈನಸ್. ಕಡ್ಡಿಗಳು ಒಂದಕ್ಕೊಂದು ತಾಗದಿರಲಿ.

ಇನ್ನು ವೋಲ್ಟೇಜ್ ಉಪಕರಣ ಕೇಳಿದಷ್ಟೇ ಇರಬೇಕು, ಆಂಪಿಯರ್ ಹೆಚ್ಚಿದ್ದರೆ ತೊಂದರೆಯಿಲ್ಲ. ಮಕ್ಕಳು ಆಸೆಯಿಂದ ನುಡಿಸುವ ಹಳೆಯ ಕೀಬೋರ್ಡ್ ಹಾಳಾದರೆ ಬಿಡಿಭಾಗ ಸಿಗುವುದು ಕಷ್ಟ. ದಯವಿಟ್ಟು ಆ ಪುಟ್ಟ ಚಿತ್ರ ನೋಡದೆ ಯಾವ ಅಡಾಪ್ಟರನ್ನೂ ಚುಚ್ಚಬೇಡಿ.