ತಪ್ಪು ಮಾಡಲು ಕಲಿತ ಮೇಷ್ಟರು

ಮೂವತ್ತೆರಡು ವರ್ಷಗಳ ಕಾಲ ಮಕ್ಕಳ ಸಂಸ್ಕೃತದ ಕಾಪಿ ಪುಸ್ತಕಗಳಲ್ಲಿ ಕೆಂಪು ಮಸಿಯಿಂದ ತಪ್ಪು ತಿದ್ದಿದವನು ನಾನು. ನಿವೃತ್ತನಾದ ಮೇಲೆ ಬುದ್ಧಿಪೂರ್ವಕವಾಗಿ ತಪ್ಪು ಮಾಡುವ ಕೆಲಸವೊಂದು ನನ್ನ ಪಾಲಿಗೆ ಬಂದಿತೆಂದರೆ ವಾಚಕರು ನಗಬಹುದು. ನಗಲಿ, ಆ ಕೆಲಸದಿಂದ ನನಗೆ ದೊರೆತ ಪಾಠವನ್ನು ಇಲ್ಲಿ ನಿವೇದಿಸುತ್ತೇನೆ.

ನನ್ನ ಮಗಳು ಬೆಂಗಳೂರಿನಲ್ಲಿ ಕಂಪ್ಯೂಟರ್ ಜಾಲಗಳನ್ನು ನೋಡಿಕೊಳ್ಳುವ ಉದ್ಯೋಗದಲ್ಲಿದ್ದಳು. ಮಗು ಹುಟ್ಟಿದ ಮೇಲೆ ನಾಲ್ಕು ವರ್ಷ ಮನೆಯಲ್ಲಿಯೇ ಉಳಿದಳು. ಮರಳಿ ಕೆಲಸ ಕೇಳಲು ಹೋದಲ್ಲೆಲ್ಲ, “ಇಷ್ಟು ದಿನಗಳಲ್ಲಿ ಎಲ್ಲವೂ ಮರೆತುಹೋಗಿರಬೇಕಲ್ಲ?” ಎಂಬ ಪ್ರಶ್ನೆಯೇ ಎದುರಾಯಿತು. ಅದಕ್ಕೆ ಬಾಯಿಮಾತಿನ ಉತ್ತರ ಸಾಲದೆಂದು ಅವಳು ಸಿಸಿಐಇ ಎಂಬ ಪರೀಕ್ಷೆಗೆ ಕಟ್ಟಿದಳು. ಸಿಸ್ಕೋ ಕಂಪೆನಿಯವರು ೧೯೯೩ರಲ್ಲಿ ಆರಂಭಿಸಿದ ಈ ಪರೀಕ್ಷೆಯು ಆ ವಿದ್ಯೆಯಲ್ಲಿ ಬಹು ಕಠಿಣವೆಂದು ಹೆಸರಾದದ್ದು. ಮೊದಲು ಎರಡು ಗಂಟೆಯ ಪ್ರಶ್ನೋತ್ತರ; ಅದರಲ್ಲಿ ಗೆದ್ದವರಿಗೆ ಎಂಟು ಗಂಟೆಯ ಪ್ರಯೋಗಪರೀಕ್ಷೆ. ಅದರೊಳಗೆ ಮೂರು ಗಂಟೆ ಜಾಲದ ರಚನೆಯ ವಿಚಾರ. ಅಲ್ಲಿ ಉತ್ತರಿಸಿ ಮುಂದೆ ಹೋದವರು ಹಿಂದಿರುಗಿ ತಿದ್ದುವಂತಿಲ್ಲ. ಉಳಿದ ಐದು ಗಂಟೆ ಜಾಲವನ್ನು ಕಟ್ಟಿ, ನಡೆಸಿ, ಕೆಟ್ಟದ್ದನ್ನು ಸರಿಪಡಿಸಬೇಕು.

ಮೊದಲನೆಯದರಲ್ಲಿ ಸುಲಭವಾಗಿ ಗೆದ್ದಳು. ಪ್ರಯೋಗದಲ್ಲಿ ಸೋತಳು. “ಇನ್ನಷ್ಟು ಓದಬೇಕಾಗಿತ್ತಮ್ಮ” ಎಂದೆನು. ತರಗತಿಯಲ್ಲಿ ನೂರಾರು ಸಲ ಆಡಿದ ಮಾತು. ಅಭ್ಯಾಸಬಲದಿಂದ ಬಾಯಿಗೆ ಬಂದಿತು. ಅವಳು ಎರಡು ದಿನ ಏನೂ ಹೇಳಲಿಲ್ಲ. ಮೂರನೆಯ ದಿನ, “ಅಪ್ಪಾ, ಓದಿದ್ದೆಲ್ಲವೂ ನೆನಪಿನಲ್ಲಿತ್ತು. ಕೆಟ್ಟದ್ದು ಎಲ್ಲಿ ಎಂದು ಕಾಣದೆ ಗಾಬರಿಯಾಯಿತು” ಎಂದಳು. ಪ್ರಶ್ನೆಗಳನ್ನು ಹೊರಗೆ ಹೇಳಬಾರದೆಂಬ ಕಟ್ಟುಪಾಡಿದೆಯಾಗಿ ನಾನೂ ಹೆಚ್ಚು ಕೇಳಲಿಲ್ಲ. ಎರಡನೆಯ ಸಲದ ಶುಲ್ಕಕ್ಕೆ ಅವಳು ಬಳೆಗಳನ್ನು ಅಡವಿಟ್ಟಿದ್ದಳೆಂದು ಅವಳ ಬರಿಗೈ ನೋಡಿ ತಿಳಿದುಕೊಂಡೆನು.

ಅಂದು ಸಂಜೆ ಅವಳ ಪಕ್ಕದಲ್ಲಿ ಕುಳಿತು, “ನನಗೂ ಸ್ವಲ್ಪ ಹೇಳಿಕೊಡು” ಎಂದೆನು.

ಜಾಲದಲ್ಲಿ ಪ್ರತಿಯೊಂದು ಯಂತ್ರಕ್ಕೂ ಒಂದು ವಿಳಾಸವಿರುತ್ತದೆ. ಐಪಿಯ ನಾಲ್ಕನೆಯ ಆವೃತ್ತಿಯಲ್ಲಿ ಆ ವಿಳಾಸಕ್ಕೆ ನಾಲ್ಕು ಭಾಗ. ಭಾಗವೊಂದರಲ್ಲಿ ಎಂಟು ಸ್ಥಾನ. ಸ್ಥಾನಕ್ಕೊಂದು ಸೊನ್ನೆ ಅಥವಾ ಒಂದು. ಕೇಳಿದೊಡನೆ ನಾನು ಎದ್ದು ಕುಳಿತೆನು. ನಾಲ್ಕು ಪಾದ, ಪಾದಕ್ಕೆ ಎಂಟಕ್ಷರ, ಒಟ್ಟು ಮೂವತ್ತೆರಡು: ಇದು ನಮ್ಮ ಅನುಷ್ಟುಪ್ಪಿನ ಲೆಕ್ಕವಲ್ಲವೆ! ಒಂದನ್ನು ಗುರುವೆಂದೂ ಸೊನ್ನೆಯನ್ನು ಲಘುವೆಂದೂ ಭಾವಿಸಿದರೆ, ಪಿಂಗಳನ ಪ್ರಸ್ತಾರದಂತೆ ಎಂಟಕ್ಷರದ ಪಾದಕ್ಕೆ ೨೫೬ ರೂಪಗಳು. ವಿಳಾಸದ ಒಂದು ಭಾಗಕ್ಕೂ ಅಷ್ಟೇ. ನಮ್ಮ ಹಿರಿಯರು ಎಲ್ಲವನ್ನೂ ಮೊದಲೇ ಕಂಡಿದ್ದರೆಂದು ಹೆಮ್ಮೆ ಕೊಚ್ಚುವ ಇಚ್ಛೆ ನನಗಿಲ್ಲ. ಆದರೆ ಅಂದಿನಿಂದ ಆ ವಿದ್ಯೆಯು ನನಗೆ ಪರಕೀಯವೆನಿಸಲಿಲ್ಲ. ವಿಳಾಸದಲ್ಲಿ ಬೀದಿಯ ಹೆಸರು ಎಲ್ಲಿ ಮುಗಿದು ಮನೆಯ ಸಂಖ್ಯೆ ಎಲ್ಲಿ ಮೊದಲಾಗುವುದೆಂದು ತೋರಿಸುವ ಮಾಸ್ಕ್ ಎಂಬುದೊಂದಿದೆ. ಅದರ ಕೊನೆಯ ಭಾಗ ೧೯೨ ಎಂದರೆ ಎರಡು ಗುರು, ಆರು ಲಘು; ೨೨೪ ಎಂದರೆ ಮೂರು ಗುರು, ಐದು ಲಘು. ನಾಲ್ಕು ವರ್ಷದ ಮೊಮ್ಮಗನೂ ಚಪ್ಪಾಳೆ ತಟ್ಟಿ ಹೇಳತೊಡಗಿದನು.

ಹೀಗೆ ನಾನು ತಪ್ಪು ಮಾಡುವವನಾದೆನು. ಅವಳು ಕಂಪ್ಯೂಟರಿನೊಳಗೆ ಕಲ್ಪಿತ ರೂಟರುಗಳ ಜಾಲವೊಂದನ್ನು ಕಟ್ಟಿ, ಮಾಡಬಹುದಾದ ದೋಷಗಳನ್ನು ಚೀಟಿಗಳಲ್ಲಿ ಬರೆದಿಟ್ಟಳು. ಮೊಮ್ಮಗನು ಚೀಟಿ ಎತ್ತುವನು. ಅವಳು ಅಡಿಗೆಮನೆಯಲ್ಲಿರುವಾಗ ನಾನು ಎರಡು ಬೆರಳಿನಲ್ಲಿ ಹುಡುಕಿ ಹುಡುಕಿ ಕೀಲಿಗಳನ್ನೊತ್ತಿ ಆ ದೋಷವನ್ನು ಸೇರಿಸುವೆನು. ಮತ್ತೆ ಗಡಿಯಾರ ಮುಂದಿಟ್ಟುಕೊಂಡು ಕುಳಿತರೆ ನಾನೇ ಪರೀಕ್ಷಾಧಿಕಾರಿ.

ಒಂದು ರಾತ್ರಿ ನಾನು ರೂಟರೊಂದರ ಒಂದು ತುದಿಯಲ್ಲಿ ಪ್ಯಾಕೆಟ್ಟಿನ ಗರಿಷ್ಠ ಗಾತ್ರವನ್ನು ೧೫೦೦ರಿಂದ ೧೪೦೦ಕ್ಕೆ ಇಳಿಸಿದೆನು. ಓಎಸ್‌ಪಿಎಫ್ ಎಂಬ ಪದ್ಧತಿಯಲ್ಲಿ ರೂಟರುಗಳು ಮೊದಲು ನೆರೆಯವರಿಗೆ ವಂದಿಸಿ, ಅನಂತರ ತಮ್ಮಲ್ಲಿರುವ ಭೂಪಟವನ್ನು ಪರಸ್ಪರ ಹಂಚಿಕೊಂಡು, ಡೈಕ್‌ಸ್ಟ್ರಾ ಎಂಬ ವಿದ್ವಾಂಸರು ೧೯೫೯ರಲ್ಲಿ ಪ್ರಕಟಿಸಿದ ಕ್ರಮದಿಂದ ಹತ್ತಿರದ ದಾರಿಯನ್ನು ಗುಣಿಸುತ್ತವೆ. ಈ ಗಾತ್ರ ಹೊಂದದಿದ್ದರೆ ವಂದನೆ ನಡೆಯುತ್ತದೆ. ಭೂಪಟದ ವಿನಿಮಯ ನಿಂತುಬಿಡುತ್ತದೆ. ಮನಸ್ತಾಪವಿರುವ ನೆರೆಮನೆಯವರ ಹಾಗೆ! ಬೇರೆ ದಿನವಾಗಿದ್ದರೆ ಅವಳು ಐದು ನಿಮಿಷದಲ್ಲಿ ಹಿಡಿಯುತ್ತಿದ್ದಳು. ಅಂದು ದಣಿದಿದ್ದಳು. ಅದನ್ನು ಬದಲಿಸಿ, ಇದನ್ನು ಅಳಿಸಿ, ಒಂದು ಗಂಟೆಯಲ್ಲಿ ಸರಿಯಿದ್ದುದನ್ನೂ ಕೆಡಿಸಿಕೊಂಡು, “ಅಂದೂ ಹೀಗೆಯೇ ಆಯಿತಪ್ಪಾ” ಎಂದು ಕಣ್ಣು ಒರೆಸಿಕೊಂಡಳು.

ನನಗೆ ತಿಳಿದದ್ದು ಒಂದೇ ವಿದ್ಯೆ, ಅದನ್ನೇ ಹೇಳಿದೆನು. “ತೊಡಕಾದ ಶ್ಲೋಕಕ್ಕೆ ಅನ್ವಯ ಮಾಡುವಾಗ ನಾವು ಪದಗಳನ್ನು ಬದಲಿಸುತ್ತೇವೆಯೆ, ತಾಯಿ? ಮೊದಲು ಕ್ರಿಯಾಪದ ಹುಡುಕುತ್ತೇವೆ. ಯಾರು, ಏನನ್ನು, ಯಾವುದರಿಂದ ಎಂದು ಒಂದೊಂದೇ ಪ್ರಶ್ನೆ ಕೇಳುತ್ತೇವೆ. ಉತ್ತರ ಬರದ ಕಡೆ ತೊಡಕಿದೆ. ಇಲ್ಲಿಯೂ ಕೈ ಕಟ್ಟಿಕೊಂಡು ಮೊದಲು ಕೇಳು.” ಅವಳು ಹಾಳೆಯ ಮೇಲೆ ಪ್ರಶ್ನೆಗಳನ್ನು ಬರೆದಳು: ತಂತಿ ಸೇರಿದೆಯೆ? ವಿಳಾಸ ಸರಿಯೆ? ವಂದನೆ ನಡೆದಿದೆಯೆ? ವಿನಿಮಯ ಮುಗಿದಿದೆಯೆ? ನಾಲ್ಕನೆಯದರಲ್ಲಿ ದೋಷ ಸಿಕ್ಕಿತು. ಒಂದು ಸಲಕ್ಕೆ ಒಂದೇ ಬದಲಾವಣೆ, ಅದರ ಹಿಂದೆಯೇ ಒಂದು ಪರಿಶೀಲನೆ ಎಂಬುದು ಅಂದಿನಿಂದ ಅವಳಿಗೆ ವ್ರತವಾಯಿತು.

ಎರಡನೆಯ ಸಲ ಉತ್ತೀರ್ಣಳಾದಳು. ತೇರ್ಗಡೆಯಾದವರಿಗೆ ಒಂದು ಸಂಖ್ಯೆ ಕೊಡುತ್ತಾರೆ. ಆ ಎಣಿಕೆ ೧೦೨೪ರಿಂದ ಮೊದಲಾಯಿತಂತೆ. ಹತ್ತಕ್ಷರದ ಪಾದದ ಪ್ರಸ್ತಾರ ಎಂದು ನಾನು ಒಳಗೇ ನಕ್ಕೆನು. ಮೂರು ವರ್ಷಕ್ಕೊಮ್ಮೆ ತನ್ನ ಅರ್ಹತೆಯನ್ನು ನವೀಕರಿಸಿಕೊಳ್ಳಬೇಕಂತೆ. ಉಪಾಧ್ಯಾಯರಿಗೂ ಈ ನಿಯಮವಿದ್ದಿದ್ದರೆ ಒಳ್ಳೆಯದಾಗುತ್ತಿತ್ತು. ಕೆಲಸವೂ ದೊರೆಯಿತು, ಮೂರು ತಿಂಗಳಿಗೆ ಬಳೆಗಳೂ ಕೈಗೆ ಬಂದವು.

ನನಗೆ ಮಾತ್ರ ಹಳೆಯ ವಿದ್ಯಾರ್ಥಿಯೊಬ್ಬನ ನೆನಪು ಬಂದಿತು. ಶಬ್ದರೂಪಗಳನ್ನು ಒಪ್ಪಿಸಲಾರದೆ ತಡವರಿಸುತ್ತಿದ್ದ ಹುಡುಗ. ಒಂದು ದಿನ ನಾನು ಕಪ್ಪುಹಲಗೆಯ ಮೇಲೆ ಬರೆದ ವಿಭಕ್ತಿಯ ತಪ್ಪನ್ನು ತರಗತಿಯಲ್ಲಿ ಅವನೊಬ್ಬನೇ ಕಂಡು ಹೇಳಿದನು. ಅಧಿಕಪ್ರಸಂಗಿಯೆಂದು ಗದರಿಸಿ ಕೂರಿಸಿದೆನು. ಆ ವರ್ಷ ಅವನು ನನ್ನ ವಿಷಯದಲ್ಲಿ ತೇರ್ಗಡೆಯಾಗಲಿಲ್ಲ. ನಾನು ಕೇಳಿದ್ದು ಬಾಯಿಪಾಠವನ್ನು, ಅವನಲ್ಲಿದ್ದುದು ಕಣ್ಣು. ಆ ಕಣ್ಣಿಗೆ ಅಂಕ ಕೊಡಬೇಕೆಂದು ನನಗೆ ತಿಳಿಯಲು ಮಗಳು ಒಂದು ಸಲ ಸೋಲಬೇಕಾಯಿತು.