ಎಲೆ ಲೆಕ್ಕ

ಮದುವೆ ಮನೆಯ ಕೊನೆಯ ಸಂಜೆ. ಛತ್ರದ ಹಿಂಬಾಗಿಲಲ್ಲಿ ಅಡುಗೆಯವರ ಟೆಂಪೊ ನಿಂತಿದೆ. ಕೊಪ್ಪರಿಗೆ, ಜಾಲರಿ ಸೌಟು, ಇಡ್ಲಿ ಪಾತ್ರೆ ಒಂದೊಂದಾಗಿ ಮೇಲೇರುತ್ತಿವೆ. ಭಟ್ಟರು ಹೆಗಲ ಮೇಲಿನ ಟವೆಲಿಗೆ ಕೈ ಒರೆಸಿಕೊಂಡು ಜೇಬಿನಿಂದ ಮಡಿಸಿದ ಹಾಳೆ ತೆಗೆಯುತ್ತಾರೆ. "ವರಪೂಜೆ ದಿನ ರಾತ್ರಿ 340 ಎಲೆ, ಇವತ್ತು ಮಧ್ಯಾಹ್ನ 815. ಮುಂಗಡ ಕಳೆದು ಬರಬೇಕಾದ್ದು ಇಷ್ಟು, ನೋಡಿ ಯಜಮಾನ್ರೇ." ದನಿಯಲ್ಲಿ ಹಿಂಜರಿಕೆಯಿಲ್ಲ, ಗಡಸೂ ಇಲ್ಲ. ಹುಡುಗಿಯ ತಂದೆ ಎಲೆ ಲೆಕ್ಕದ ಮೇಲೆ ಕಣ್ಣಾಡಿಸಿ, "ಹೋಳಿಗೆ ಬಹಳ ಚೆನ್ನಾಗಿತ್ತು ಭಟ್ರೇ" ಎನ್ನುತ್ತಲೇ ಹಣ ಎಣಿಸುತ್ತಾರೆ. ವಾಲಗದವರದೂ ಹೀಗೆಯೇ ಮುಗಿಯುತ್ತದೆ, ಹೂವಿನವರದೂ ಹೀಗೆಯೇ.

ಅದೇ ಮದುವೆಯ ಲಗ್ನಪತ್ರಿಕೆಯನ್ನು ವಿನ್ಯಾಸ ಮಾಡಿಕೊಟ್ಟ ಹುಡುಗ ಮಧ್ಯಾಹ್ನ ಪಂಕ್ತಿಯಲ್ಲಿ ಕೂತು ಊಟ ಮಾಡಿ, 500 ರೂಪಾಯಿ ಮುಯ್ಯಿ ಓದಿಸಿ ಹೊರಟುಹೋಗಿದ್ದಾನೆ. ಸೋದರಮಾವನ ಹೆಸರು ಬಿಟ್ಟುಹೋಯಿತು ಎಂದು ಒಮ್ಮೆ, ಗಣಪತಿಯ ಬಣ್ಣ ಸರಿಯಿಲ್ಲ ಎಂದು ಒಮ್ಮೆ, ಹೀಗೆ ಏಳು ಸಲ ಅವನು ಪತ್ರಿಕೆ ತಿದ್ದಿದ್ದ. ತಿಂಗಳ ಹಿಂದೆ ಹುಡುಗಿಯ ತಂದೆಯೇ ಕೇಳಿದ್ದರು, "ಎಷ್ಟಾಯ್ತಪ್ಪಾ ನಿಂದು?" ಎಂದು. ಅವನು ಹೇಳಿದ್ದು, "ಇರಲಿ ಅಂಕಲ್, ಮದುವೆ ಮುಗೀಲಿ, ಆಮೇಲೆ ನೋಡೋಣ." ಈಗ ಮದುವೆ ಮುಗಿದಿದೆ. ಇನ್ನು ಅವನು ಕೇಳುವುದಿಲ್ಲ, ಅವರಿಗೂ ಮರೆತುಹೋಗುತ್ತದೆ. ಮರೆವಿನಲ್ಲಿ ಮೋಸವೇನೂ ಇಲ್ಲ. ಖರ್ಚಿನ ಪಟ್ಟಿಯಲ್ಲಿ ಅವನ ಹೆಸರಿನ ಸಾಲನ್ನು ಯಾರೂ ಬರೆದಿಲ್ಲ, ಅಷ್ಟೇ.

ಸ್ವಂತ ಕೆಲಸ ಮಾಡುವವರಲ್ಲಿ ಈ ಹುಡುಗನಂಥವರು ಎಷ್ಟೋ ಮಂದಿ. ಅನುವಾದಕರು, ಚಿತ್ರ ಬರೆಯುವವರು, ಕರಡು ತಿದ್ದುವವರು, ಮನೆಪಾಠದವರು, ವೆಬ್‌ಸೈಟ್ ಕಟ್ಟಿಕೊಡುವವರು, ಮನೆಯಲ್ಲೇ ರವಿಕೆ ಹೊಲಿಯುವವರು. ಇವರ ಕೈ ಕೆಲಸದಲ್ಲಿ ಚುರುಕು. ಬಿಲ್ ಬರೆಯುವ ಹೊತ್ತಿಗೆ ಅದೇ ಕೈ ಸೋಲುತ್ತದೆ.

ಮೈಸೂರಿನಲ್ಲಿ ಇಂಥ ಒಬ್ಬ ಅನುವಾದಕಿ ಇದ್ದಾಳೆಂದುಕೊಳ್ಳಿ. ಯಂತ್ರ ತಯಾರಿಸುವ ಒಂದು ಕಂಪನಿಯ ಕೈಪಿಡಿಯನ್ನು ಅವಳು ಕನ್ನಡಕ್ಕೆ ತಂದಿದ್ದಾಳೆ. 24,000 ಪದ, ಪದಕ್ಕೆ ಎರಡೂವರೆ ರೂಪಾಯಿ, ಒಟ್ಟು 60,000. ಕೆಲಸ ಕಳಿಸಿ ಎರಡು ತಿಂಗಳಾಗಿದೆ. ರಾತ್ರಿ ಹನ್ನೊಂದಕ್ಕೆ ಮನೆಯವರೆಲ್ಲ ಮಲಗಿದ ಮೇಲೆ ಅವಳು ಮೇಲ್ ಬರೆಯಲು ಕೂರುತ್ತಾಳೆ. ಮೊದಲ ಸಾಲು: "ತಮಗೆ ತೊಂದರೆ ಕೊಡುತ್ತಿರುವುದಕ್ಕೆ ಕ್ಷಮಿಸಿ." ಅದನ್ನೇ ನೋಡುತ್ತಾಳೆ, ಅಳಿಸುತ್ತಾಳೆ. "ತಮಗೆ ಬಿಡುವಾದಾಗ" ಎಂದು ಶುರು ಮಾಡುತ್ತಾಳೆ. ಅದೂ ಸರಿ ಕಾಣುವುದಿಲ್ಲ. ಕೊನೆಗೆ "ಕೆಲಸ ತಮಗೆ ಒಪ್ಪಿಗೆಯಾಯಿತೆಂದು ಭಾವಿಸುತ್ತೇನೆ" ಎಂದು ಬರೆದು, ಹಣದ ಮಾತೇ ಎತ್ತದೆ, ಕರಡುಗಳ ಕಡತಕ್ಕೆ ಸೇರಿಸಿ ದೀಪ ಆರಿಸುತ್ತಾಳೆ.

ಇದೇ ಕಂಪನಿಯವರು ಕೆಲಸ ನಡೆಯುತ್ತಿದ್ದಾಗ ಅವಳಿಗೆ ದಿನ ಬಿಟ್ಟು ದಿನ ಫೋನ್ ಮಾಡುತ್ತಿದ್ದರು. "ಮೇಡಂ, ಎಲ್ಲಿಗೆ ಬಂತು? ಸ್ವಲ್ಪ ಬೇಗ ಆಗಬೇಕಿತ್ತು." ತಮಗೆ ಬರಬೇಕಾದ ಕೆಲಸವನ್ನು ಕೇಳಲು ಅವರಿಗೆ ಸಂಕೋಚವಾಗಲಿಲ್ಲ. ಆಗಬೇಕಾಗಿಯೂ ಇರಲಿಲ್ಲ. ಹಾಗಾದರೆ ತನಗೆ ಬರಬೇಕಾದ ಹಣವನ್ನು ಕೇಳಲು ಇವಳಿಗೇಕೆ ಗಂಟಲು ಕಟ್ಟಬೇಕು?

ಕಾರಣ ಅವಳೊಬ್ಬಳ ಸ್ವಭಾವದಲ್ಲಿ ಮಾತ್ರ ಇಲ್ಲ. ಅದರ ಬೇರು ನಮ್ಮ ಊರುಗಳ ಹಳೆಯ ಬದುಕಿನಲ್ಲೂ ಇದೆ. ಹಳ್ಳಿಗಳಲ್ಲಿ ಬಡಗಿ, ಕಮ್ಮಾರ, ಕುಂಬಾರ, ಅಗಸ, ಕ್ಷೌರಿಕ, ನೀರಗಂಟಿ ಇವರೆಲ್ಲ ಆಯಗಾರರು. ವರ್ಷವಿಡೀ ನೇಗಿಲು ಸರಿಮಾಡಿದ್ದಕ್ಕೆ, ಕುಡುಗೋಲು ತಟ್ಟಿಕೊಟ್ಟಿದ್ದಕ್ಕೆ ಯಾರೂ ಚೀಟಿ ಬರೆಯುತ್ತಿರಲಿಲ್ಲ. ಸುಗ್ಗಿಯಲ್ಲಿ ರಾಶಿಯಾದಾಗ ಕಣದಲ್ಲೇ ಅವರವರ ಪಾಲಿನ ಆಯವನ್ನು ಅಳೆದುಕೊಡುತ್ತಿದ್ದರು. ಕೊಡುವ ದಿನ ಯಾವುದು ಎಂಬುದು ಊರಿಗೆಲ್ಲ ಗೊತ್ತಿತ್ತು. ಹಾಗಾಗಿ ಬಾಯಿಬಿಟ್ಟು ಕೇಳದಿರುವುದೇ ಮರ್ಯಾದೆಯಾಗಿ ಬೆಳೆದಿರಬೇಕು. ಈ ಪದ್ಧತಿಯನ್ನು ಹೊಗಳಿ ಸುಮ್ಮನಾಗುವಂತಿಲ್ಲ. ಜಾತಿಯ ಏಣಿಯಲ್ಲಿ ಕೆಳಗಿದ್ದವರು ತಮ್ಮ ದುಡಿಮೆಯ ಪಾಲನ್ನೇ ಬಾಗಿ ನಿಂತು, ಸೆರಗೊಡ್ಡಿ ಪಡೆಯಬೇಕಿತ್ತು. ಕೇಳುವುದೆಂದರೆ ಕೈಚಾಚುವುದು ಎಂಬ ನೋವು ಆ ಕಣದಿಂದಲೂ ನಮ್ಮ ಮನಸ್ಸಿಗೆ ಬಂದಿದೆ. ಈಗ ಕಣವೂ ಇಲ್ಲ, ಗೊತ್ತಾದ ಸುಗ್ಗಿಯ ದಿನವೂ ಇಲ್ಲ. ಕೇಳಬಾರದು ಎಂಬುದು ಮಾತ್ರ ಉಳಿದುಕೊಂಡಿದೆ.

ನಮ್ಮ ಪದಗಳನ್ನೇ ನೋಡಿ. ಮೈ ಮುರಿದು ದುಡಿದವರಿಗೆ ಕೊಡುವುದು ಕೂಲಿ. ಓದು ಬರಹದ ಕೆಲಸಕ್ಕೆ ಕೊಡುವುದು ಸಂಭಾವನೆ, ಗೌರವಧನ. ಪುರೋಹಿತರಿಗೆ ತಾಂಬೂಲದ ಜೊತೆ ದಕ್ಷಿಣೆ. ಕೂಲಿಯನ್ನು ಕೇಳಬಹುದು, ಜಗಳವಾಡಿಯೂ ಪಡೆಯಬಹುದು. ಗೌರವವನ್ನು ಕೇಳಿ ಪಡೆಯುವುದು ಹೇಗೆ? ಭಾಷಣ ಮಾಡಿದವರ ಕೈಗೆ ಹಾರ, ಹಣ್ಣಿನ ಬುಟ್ಟಿಯ ಜೊತೆ ಒಂದು ಲಕೋಟೆ ಬರುತ್ತದೆ. ಅದನ್ನು ಅಲ್ಲೇ ಬಿಚ್ಚಿ ನೋಡುವವರಿಲ್ಲ. ಅನುವಾದಕಿ ತನ್ನ 60,000ವನ್ನೂ ಮನಸ್ಸಿನಲ್ಲಿ ಆ ಲಕೋಟೆಯಲ್ಲೇ ಇಟ್ಟುಕೊಂಡಿದ್ದಾಳೆ. ಅದು ಪದಕ್ಕೆ ಎರಡೂವರೆ ರೂಪಾಯಿಯಂತೆ ಮಾತಾಡಿ ಒಪ್ಪಿಕೊಂಡ ಬೆಲೆ. ಭಟ್ಟರ ಎಲೆ ಲೆಕ್ಕಕ್ಕೂ ಅದಕ್ಕೂ ಯಾವ ವ್ಯತ್ಯಾಸವೂ ಇಲ್ಲ.

ಬೆಲೆ ಹೇಳಿದರೆ ಬರಹದ ಘನತೆ ಕುಂದುತ್ತದೆ ಎನ್ನುವವರು ಗಳಗನಾಥರನ್ನು ನೆನೆಯಬೇಕು. ವೆಂಕಟೇಶ ತಿರಕೋ ಕುಲಕರ್ಣಿ ಎಂಬ ಹೆಸರಿನ ಅವರು (1869–1942) 'ಮಾಧವ ಕರುಣಾವಿಲಾಸ'ದಂಥ ದೊಡ್ಡ ಕಾದಂಬರಿ ಬರೆದವರು, 'ಸದ್ಬೋಧ ಚಂದ್ರಿಕೆ' ಮಾಸಪತ್ರಿಕೆಯನ್ನು ನಡೆಸಿದವರು. ತಮ್ಮ ಪುಸ್ತಕಗಳ ಗಂಟನ್ನು ತಾವೇ ಹೊತ್ತು ಊರೂರು ತಿರುಗಿ ಮಾರಿದರು. ಕೊಳ್ಳುವವರ ಮನೆ ಬಾಗಿಲಲ್ಲಿ ನಿಂತು ಪುಸ್ತಕದ ಬೆಲೆ ಹೇಳಿದ ಆ ಮನುಷ್ಯರನ್ನು ಕನ್ನಡಿಗರು ಇಂದಿಗೂ ಕಾದಂಬರಿ ಪಿತಾಮಹ ಎಂದೇ ಕರೆಯುತ್ತಾರೆ.

ಸಂಕೋಚಪಡುವವರು ಕಾಣದೇ ಹೋಗುವ ಇನ್ನೊಂದು ಕೋಣೆಯಿದೆ. ಅದು ಕಂಪನಿಯ ಅಕೌಂಟ್ಸ್ ವಿಭಾಗ. ಅಲ್ಲಿ ಕೂತವರಿಗೆ ಅನುವಾದಕಿಯ ಮುಖಪರಿಚಯವಿಲ್ಲ, ಅವಳ ಮೇಲೆ ಪ್ರೀತಿಯೂ ಇಲ್ಲ, ಬೇಸರವೂ ಇಲ್ಲ. ಬಿಲ್ ಸಂಖ್ಯೆ, ತಾರೀಕು, ಪ್ಯಾನ್, ಕೆಲಸದ ವಿವರ, ಬ್ಯಾಂಕ್ ಖಾತೆ, ಐಎಫ್‌ಎಸ್‌ಸಿ ಕೋಡ್ ಇಷ್ಟಿರುವ ಒಂದು ಹಾಳೆ ಕೈಗೆ ಬಾರದೆ ಅವರಿಂದ ಒಂದು ರೂಪಾಯಿಯೂ ಹೊರಡುವುದಿಲ್ಲ. ಕೊಡಬೇಕೆಂದು ಅವರಿಗೆ ಮನಸ್ಸಿದ್ದರೂ ಹೊರಡುವುದಿಲ್ಲ, ಆಡಿಟ್ ಬಿಡುವುದಿಲ್ಲ. ಎಷ್ಟೋ ಕಚೇರಿಗಳಲ್ಲಿ ಹಣ ಬಿಡುಗಡೆಯಾಗುವುದು ತಿಂಗಳಿಗೆ ಒಂದೋ ಎರಡೋ ಗೊತ್ತಾದ ದಿನ ಮಾತ್ರ. ಇವಳು ಒಂದು ರಾತ್ರಿ ಹಿಂಜರಿದರೆ ಆ ದಿನ ತಪ್ಪಿ, ಹಣ ಮುಂದಿನ ತಿಂಗಳಿಗೆ ಬೀಳುತ್ತದೆ. ತೊಂದರೆ ಕೊಡುತ್ತಿದ್ದೇನೆ ಎಂದು ಅವಳು ಹೆದರುವ ಹಾಳೆಗಾಗಿಯೇ ಅಲ್ಲಿ ಯಾರೋ ಕಾಯುತ್ತಿರುತ್ತಾರೆ.

ಬಿಲ್ಲಿನ ಬಗೆಗೆ ಇರುವ ಅರ್ಧ ಭಯ ತೆರಿಗೆಯದ್ದು. ಅದನ್ನೂ ಬಿಡಿಸಿ ನೋಡುವುದು ಒಳ್ಳೆಯದು. ಕರ್ನಾಟಕದಲ್ಲಿ ಸೇವೆ ಒದಗಿಸುವವರ ವರ್ಷದ ವಹಿವಾಟು 20 ಲಕ್ಷ ರೂಪಾಯಿ ದಾಟದಿದ್ದರೆ ಸಾಮಾನ್ಯವಾಗಿ ಜಿಎಸ್‌ಟಿ ನೋಂದಣಿ ಬೇಕಾಗಿಲ್ಲ. ನೋಂದಣಿ ಇಲ್ಲದವರು ಜಿಎಸ್‌ಟಿ ಸೇರಿಸಿ ವಸೂಲು ಮಾಡುವಂತಿಲ್ಲ, ಬರೀ ಬಿಲ್ ಕೊಟ್ಟರೆ ಸಾಕು. ಇನ್ನು ಟಿಡಿಎಸ್. ವೃತ್ತಿಪರ ಸೇವೆ ಎಂದು ಕಂಪನಿ ಪರಿಗಣಿಸಿದರೆ, ವರ್ಷಕ್ಕೆ 50,000 ದಾಟಿದ ಪಾವತಿಗೆ ಶೇ 10 ಮುರಿದುಕೊಳ್ಳುತ್ತದೆ (2025ರ ಏಪ್ರಿಲ್‌ಗೆ ಮುಂಚೆ ಈ ಮಿತಿ 30,000 ಇತ್ತು). ಹಾಗಾಗಿ ಅನುವಾದಕಿಯ ಖಾತೆಗೆ ಬರುವುದು 54,000. ಉಳಿದ 6,000ವನ್ನು ಯಾರೋ ನುಂಗಿದರು ಎಂದು ಮೊದಲ ಸಲ ಎಷ್ಟೋ ಜನ ಕಣ್ಣೀರು ಹಾಕುತ್ತಾರೆ. ಅದು ಅವಳ ಪ್ಯಾನ್ ಹೆಸರಿನಲ್ಲೇ ಸರ್ಕಾರದಲ್ಲಿ ಜಮೆಯಾಗಿರುತ್ತದೆ. ವಾರ್ಷಿಕ ರಿಟರ್ನ್ ಸಲ್ಲಿಸುವಾಗ ಕಟ್ಟಬೇಕಾದ ತೆರಿಗೆಯಲ್ಲಿ ವಜಾ ಆಗುತ್ತದೆ, ಹೆಚ್ಚಾಗಿದ್ದರೆ ವಾಪಸ್ ಬರುತ್ತದೆ.

ಕಾನೂನು ಕೂಡ ಕೇಳುವವರ ಪಕ್ಕದಲ್ಲಿ ನಿಂತಿದೆ. ಸೂಕ್ಷ್ಮ, ಸಣ್ಣ ಮತ್ತು ಮಧ್ಯಮ ಉದ್ದಿಮೆಗಳ 2006ರ ಕಾಯ್ದೆಯ ಪ್ರಕಾರ, ಸೂಕ್ಷ್ಮ ಅಥವಾ ಸಣ್ಣ ಉದ್ದಿಮೆಯಿಂದ ಸರಕು, ಸೇವೆ ಪಡೆದವರು ಒಪ್ಪಿದ ದಿನದೊಳಗೆ ಹಣ ಕೊಡಬೇಕು. ಒಪ್ಪಂದ ಏನೇ ಇರಲಿ, 45 ದಿನ ಮೀರುವಂತಿಲ್ಲ. ದಿನ ಗೊತ್ತು ಮಾಡಿಕೊಂಡಿರದಿದ್ದರೆ 15 ದಿನ ಮಾತ್ರ. ತಡವಾದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ, ಅದೂ ತಿಂಗಳು ತಿಂಗಳು ಸೇರುವಂಥದ್ದು. 2024ರಲ್ಲಿ ಆ ದರ ಶೇ 6.75 ಇತ್ತು, ಮೂರು ಪಟ್ಟೆಂದರೆ ಶೇ 20.25. ಆ ಲೆಕ್ಕದಲ್ಲಿ ಅನುವಾದಕಿಯ 60,000ಕ್ಕೆ ಮೊದಲ ತಿಂಗಳ ಬಡ್ಡಿಯೇ ಸಾವಿರ ರೂಪಾಯಿ ದಾಟುತ್ತಿತ್ತು. ಇಂಥ ಉದ್ದಿಮೆಯೆಂದು ಗುರುತಿಸಿಕೊಳ್ಳಲು 2020ರ ಜುಲೈನಿಂದ ಇರುವ ಉದ್ಯಮ್ ನೋಂದಣಿಗೆ ಶುಲ್ಕವಿಲ್ಲ, ಆಧಾರ್ ಹಿಡಿದು ಮನೆಯಲ್ಲೇ ಕೂತು ಮಾಡಬಹುದು. ಕೆಲಸ ಒಪ್ಪಿಕೊಳ್ಳುವ ಮೊದಲೇ ಮಾಡಿಸಿಕೊಂಡರೆ ಮುಂದೆ ತಕರಾರಿಗೆ ಎಡೆಯಿರುವುದಿಲ್ಲ. ಬಾಕಿಯ ದೂರು ಸಲ್ಲಿಸಲು 2017ರಲ್ಲಿ 'ಸಮಾಧಾನ್' ಎಂಬ ಜಾಲತಾಣ ಶುರುವಾಯಿತು. 2023ರ ಹಣಕಾಸು ಕಾಯ್ದೆ ಇನ್ನೊಂದು ಬಿಗಿ ತಂದಿತು. ಇಂಥ ಉದ್ದಿಮೆಗಳಿಗೆ ಈ ಅವಧಿಯೊಳಗೆ ಹಣ ಕೊಡದ ಕಂಪನಿ ಆ ಖರ್ಚನ್ನು ತನ್ನ ಆದಾಯದಿಂದ ಕಳೆದು ತೋರಿಸಬೇಕೆಂದರೆ, ನಿಜವಾಗಿ ಹಣ ಪಾವತಿಸುವ ವರ್ಷದವರೆಗೆ ಕಾಯಬೇಕು. ನ್ಯಾಯಾಲಯಕ್ಕೇ ಹೋಗುವುದಾದರೆ ಕಾಲಮಿತಿ ಕಾಯ್ದೆ ಕೊಡುವುದು ಮೂರು ವರ್ಷ. ಪಾವತಿಯ ದಿನ ಗೊತ್ತು ಮಾಡಿಕೊಂಡಿರದಿದ್ದರೆ ಕೆಲಸ ಮುಗಿದ ದಿನದಿಂದಲೇ ಅದರ ಎಣಿಕೆ ಶುರು. ದಾಕ್ಷಿಣ್ಯಕ್ಕೆ ಸುಮ್ಮನಿದ್ದಷ್ಟು ದಿನವೂ ಹಕ್ಕು ಸವೆಯುತ್ತಿರುತ್ತದೆ.

ಇದೆಲ್ಲ ಕಂಪನಿಗಳ ಜೊತೆಗಿನ ಮಾತಾಯಿತು. ಪಕ್ಕದ ಮನೆಯವರನ್ನು ಹೇಗೆ ಕೇಳುವುದು? ಇದು ಹೆಚ್ಚು ಕಷ್ಟದ್ದು, ಹೆಂಗಸರಿಗಂತೂ ಇನ್ನೂ ಕಷ್ಟದ್ದು. ಸೀರೆಗೆ ಕುಚ್ಚು ಕಟ್ಟುವವರನ್ನು ಗಮನಿಸಿ. ಸೆರಗಿನ ಎಳೆಗಳನ್ನು ಬಿಡಿಸಿ, ರೇಷ್ಮೆ ದಾರ ಸೇರಿಸಿ, ಮಣಿ ಪೋಣಿಸಿ, ಒಂದೊಂದೇ ಗಂಟು ಹಾಕುತ್ತಾ ಹೋಗುವ ಕೆಲಸ. ಕತ್ತು, ಕಣ್ಣು ಎರಡೂ ಸೋಲುತ್ತವೆ. "ಕೂತಲ್ಲೇ ಮಾಡೋದಲ್ವಾ ಅಕ್ಕಾ, ನಮ್ಮಿಂದೇನು ತಗೋತೀರ" ಎಂಬ ಮಾತು ನಗುತ್ತಲೇ ಬರುತ್ತದೆ. ಎದುರು ಮಾತಾಡಲಾರದೆ ಎಷ್ಟೋ ಮಂದಿ ದಾರದ ಖರ್ಚನ್ನಷ್ಟೇ ಹೇಳಿ, ತಮ್ಮ ಎರಡು ದಿನಗಳನ್ನು ದಾನ ಮಾಡುತ್ತಾರೆ.

ಇದಕ್ಕೆ ಒಂದು ಸರಳ ಉಪಾಯವಿದೆ. ಸೀರೆ ಕೈಗೆ ಬಂದ ದಿನವೇ ಒಂದು ಚೀಟಿಯಲ್ಲಿ ಹೆಸರು, ಕುಚ್ಚಿನ ಮಾದರಿ, ಕೊಡುವ ದಿನ, ಬೆಲೆ ನಾಲ್ಕನ್ನೂ ಬರೆದು, ಸೀರೆಯ ಮಡಿಕೆಗೆ ಪಿನ್ ಹಾಕಿಬಿಡುವುದು. ಸೀರೆ ಒಯ್ಯಲು ಬಂದವರು "ಎಷ್ಟಾಯ್ತು ಅಕ್ಕಾ?" ಎಂದರೆ, "ಚೀಟೀಲಿ ಇದೆ ನೋಡಮ್ಮ" ಎಂದರಾಯಿತು. ಹೇಳಬೇಕಾದ್ದನ್ನು ಚೀಟಿ ಹೇಳುತ್ತದೆ, ಸ್ನೇಹದ ಮಾತಿಗೆ ಬಾಯಿ ಬಿಡುವಾಗಿರುತ್ತದೆ. ಕಿರಾಣಿ ಅಂಗಡಿಯಲ್ಲಿ "ಇಂದು ನಗದು, ನಾಳೆ ಉದ್ರಿ" ಎಂಬ ಹಲಗೆ ಮಾಡುವುದೂ ಇದೇ ಕೆಲಸವನ್ನು.

ಚೀಟಿಯ ಬಲವಿರುವುದು ಅದು ಮೊದಲ ದಿನವೇ ಬಂದದ್ದರಲ್ಲಿ. ಭಟ್ಟರ ದನಿ ನಡುಗದಿದ್ದುದಕ್ಕೂ ಅದೇ ಕಾರಣ. ಮದುವೆ ಗೊತ್ತಾದ ವಾರದಲ್ಲೇ ಎಲೆಗೆ ಇಷ್ಟು ಎಂದು ಮಾತಾಗಿ, ಮುಂಗಡ ಕೈಸೇರಿತ್ತು. ಮುಂಗಡ ನಮ್ಮವರಿಗೆ ಹೊಸದೇನಲ್ಲ. ಅದಕ್ಕೆ ಸಂಚಕಾರ ಎಂಬ ಹಳೆಯ ಮಾತೇ ಇದೆ. ಕರಾವಳಿಯಲ್ಲಿ ಯಕ್ಷಗಾನ ಆಡಿಸುವವರು ಮೇಳಕ್ಕೆ ಮೊದಲೇ ವೀಳ್ಯ ಕೊಟ್ಟು ದಿನ ಗೊತ್ತು ಮಾಡಿಕೊಳ್ಳುತ್ತಾರೆ. ಲಗ್ನಪತ್ರಿಕೆಯ ಹುಡುಗನಿಗೂ ಇಷ್ಟೇ ಸಾಕಿತ್ತು. "ಎಷ್ಟಾಯ್ತಪ್ಪಾ?" ಎಂದು ಕೇಳಿದ ಗಳಿಗೆಯಲ್ಲೇ, "ವಿನ್ಯಾಸಕ್ಕೆ ಇಷ್ಟು ಅಂಕಲ್, ಮೂರು ಸಲ ತಿದ್ದೋದು ಅದರಲ್ಲೇ ಸೇರಿದೆ, ಅರ್ಧ ಈಗ ಕೊಟ್ಟಿರಿ" ಎಂದಿದ್ದರೆ ಅವರು ಕೊಟ್ಟೇ ಕೊಡುತ್ತಿದ್ದರು. ಗಣಪತಿಯ ಬಣ್ಣವೂ ಬೇಗ ಒಪ್ಪಿಗೆಯಾಗುತ್ತಿತ್ತು.

ಒಮ್ಮೆ ತಪ್ಪಿದವರಿಗೂ ದಾರಿ ಮುಚ್ಚಿಲ್ಲ. ಕೆಲಸ ಕಳಿಸುವ ಇಮೇಲಿನಲ್ಲೇ ಬಿಲ್ಲನ್ನೂ ಲಗತ್ತಿಸುವುದು, "ಆದಷ್ಟು ಬೇಗ" ಎನ್ನುವ ಬದಲು ತಾರೀಕು ಬರೆಯುವುದು, ಆ ತಾರೀಕಿಗೆ ಎರಡು ದಿನ ಮುಂಚೆ ಒಂದೇ ಸಾಲಿನ ನೆನಪೋಲೆ ಕಳಿಸುವುದು, ಇವು ರೂಢಿಯಾಗುವವರೆಗೆ ಮಾತ್ರ ಕಷ್ಟ. ಕ್ಷಮೆ ಕೇಳುವ ಸಾಲನ್ನು ಬಿಡುವುದು ಎಲ್ಲಕ್ಕಿಂತ ಕಷ್ಟ. ಅದನ್ನು ಬಿಟ್ಟರೆ ಒರಟಾಗಿ ಕಾಣುತ್ತದೇನೋ ಎಂಬ ಅಳುಕು ಒಳ್ಳೆಯ ಮನೆತನದಲ್ಲಿ ಬೆಳೆದವರನ್ನು ಸುಲಭಕ್ಕೆ ಬಿಡುವುದಿಲ್ಲ.

ಮೈಸೂರಿನ ಅನುವಾದಕಿ ಮರುದಿನ ಬೆಳಿಗ್ಗೆ ಕಾಫಿ ಕುಡಿದು, ಹಗಲಿನ ಬೆಳಕಿನಲ್ಲಿ ಮತ್ತೆ ಕೂತಳು. ಕರಡು ತೆರೆದು ಪೂರ್ತಿ ಅಳಿಸಿದಳು. ಮೂರು ಸಾಲು ಬರೆದಳು: ಕೈಪಿಡಿಯ ಅನುವಾದದ ಬಿಲ್ ಲಗತ್ತಿಸಿದ್ದೇನೆ, ಮೊತ್ತ 60,000 ರೂಪಾಯಿ, ಇದೇ ತಿಂಗಳ 25ರೊಳಗೆ ಪಾವತಿಸಬೇಕಾಗಿ ಕೋರುತ್ತೇನೆ. ಹತ್ತೂಮುಕ್ಕಾಲಿಗೆ ಕಳಿಸಿದಳು. ಎದೆ ಹೊಡೆದುಕೊಳ್ಳುತ್ತಿತ್ತು. ಹನ್ನೊಂದೂಹತ್ತಕ್ಕೆ ಅಕೌಂಟ್ಸ್ ವಿಭಾಗದಿಂದ ಉತ್ತರ ಬಂತು.

"ಮೇಡಂ, ಬಿಲ್‌ನಲ್ಲಿ ಪ್ಯಾನ್ ನಂಬರ್ ಇಲ್ಲ. ಸೇರಿಸಿ ಇನ್ನೊಮ್ಮೆ ಕಳಿಸಿ. ಇವತ್ತು ಕಳಿಸಿದರೆ ಈ ತಿಂಗಳಲ್ಲೇ ಹಾಕಿಬಿಡ್ತೀವಿ."

ಅವಳು ಒಳಗೆ ಹೋಗಿ ಬೀರುವಿನಿಂದ ಪ್ಯಾನ್ ಕಾರ್ಡ್ ತಂದಳು.