ಉಗ್ಗುವವರಿಗೆ ಆಪ್ತಸಮಾಲೋಚನೆ

ಮೂವತ್ತು ವರ್ಷಕ್ಕೂ ಮಿಗಿಲಾಗಿ ಹಾಜರಿ ಪುಸ್ತಕ ಹಿಡಿದು ಹೆಸರು ಕರೆದವನು ನಾನು. ‘ಹಾಜರ್ ಸರ್’ ಎನ್ನುವುದು ಬಹಳಷ್ಟು ಮಕ್ಕಳಿಗೆ ಉಸಿರಾಟದಷ್ಟೇ ಸಹಜ. ಕೆಲವರಿಗೆ ಮಾತ್ರ ಆ ಎರಡು ಶಬ್ದಗಳು ತುಂಬಿ ಹರಿಯುವ ಮಲಪ್ರಭೆಯನ್ನು ಈಜಿ ದಾಟಿದಂತೆ.

ಮರೋಳದ ನನ್ನ ಹಳೆಯ ವಿದ್ಯಾರ್ಥಿಯೊಬ್ಬ, ಹೆಸರು ಬೇಡ, ಈಗ ನಲವತ್ತು ದಾಟಿದ ಗೃಹಸ್ಥ. ‘ನೀರು’ ಎನ್ನಲು ತಡೆಯಾದರೆ ‘ಜಲ’ ಎನ್ನುವನು. ‘ಪುಸ್ತಕ’ ಬಾರದಿದ್ದರೆ ‘ಹೊತ್ತಿಗೆ’. “ಎಲ್ಲಾ ಮಾತಿಗೂ ಇನ್ನೊಂದು ಮಾತು ಹುಡುಕಬಹುದ್ರಿ ಸರ್, ನನ್ನ ಹೆಸರಿಗೆ ಎಲ್ಲಿಂದ ತರ್ಲಿ?” ಎಂದು ಒಮ್ಮೆ ಕೇಳಿದ. ಫೋನ್ ಬಂದರೆ ಹೆಂಡತಿಯ ಕೈಗೆ ಕೊಡುವುದು, ಬ್ಯಾಂಕಿಗೆ ತಮ್ಮನನ್ನು ಕಳಿಸುವುದು, ಸಂದರ್ಶನವಿದೆಯೆಂದು ಬಡ್ತಿಯನ್ನೇ ಬಿಡುವುದು, ಹೀಗೆ ಸಾಗಿತ್ತು ಅವನ ಬದುಕು.

ನಮ್ಮ ಕಡೆ ಮಗು ತೊದಲಿದರೆ ನಾಲಿಗೆಗೆ ಬಜೆ ತೇಯ್ದು ಹಚ್ಚುತ್ತಾರೆ. ಉಗ್ಗಿನ ಮೂಲ ನಾಲಿಗೆಯಲ್ಲಿಲ್ಲ. ಮಾತನ್ನು ಜೋಡಿಸುವ ಮಿದುಳಿನ ಕಾರ್ಯದಲ್ಲಿನ ವ್ಯತ್ಯಾಸ ಮತ್ತು ವಂಶವಾಹಿಗಳು ಇದರ ಹಿಂದಿವೆ ಎಂದು ಸಂಶೋಧನೆಗಳು ತೋರಿಸಿವೆ. ಬಾಲ್ಯದಲ್ಲಿ ಉಗ್ಗುವವರಲ್ಲಿ ಹೆಚ್ಚಿನವರು ತಾವಾಗಿಯೇ ಸರಿಹೋಗುತ್ತಾರೆ. ವಯಸ್ಕರಲ್ಲಿ ಸುಮಾರು ನೂರಕ್ಕೆ ಒಬ್ಬರಲ್ಲಿ ಅದು ಉಳಿಯುತ್ತದೆ. ಹೆಂಗಸರಿಗಿಂತ ಗಂಡಸರಲ್ಲಿ ಇದು ಹೆಚ್ಚು.

ಅಮೆರಿಕದ ಮನಶ್ಶಾಸ್ತ್ರಜ್ಞ ಜೋಸೆಫ್ ಶೀಹನ್ ಉಗ್ಗನ್ನು ನೀರ್ಗಲ್ಲಿನ ಬೆಟ್ಟಕ್ಕೆ ಹೋಲಿಸಿದರು. ಕಿವಿಗೆ ಕೇಳುವ ತಡೆ ಮೇಲಿನ ತುದಿ ಮಾತ್ರ. ನಾಚಿಕೆ, ಭಯ, ತಪ್ಪಿಸಿಕೊಳ್ಳುವ ಚಾಳಿ ನೀರಿನೊಳಗಿನ ಬೆಟ್ಟ. ವಾಕ್ ಚಿಕಿತ್ಸೆಯು ಉಸಿರು, ವೇಗ, ಶಬ್ದವನ್ನು ಮೃದುವಾಗಿ ಆರಂಭಿಸುವ ಬಗೆಯನ್ನು ಕಲಿಸುತ್ತದೆ. ಆಪ್ತಸಮಾಲೋಚನೆಯು ಆ ಒಳಗಿನ ಬೆಟ್ಟವನ್ನು ಕರಗಿಸಲು ನೆರವಾಗುತ್ತದೆ.

ಸಮಾಲೋಚಕರು ಅವನಿಗೆ ಪೂರ್ಣ ಗುಣದ ಭರವಸೆ ನೀಡಲಿಲ್ಲ. ಅಂಜಿಕೆಯ ಸಂದರ್ಭಗಳನ್ನು ಸುಲಭದಿಂದ ಕಠಿಣಕ್ಕೆ ಪಟ್ಟಿ ಮಾಡಿಸಿದರು. ಮೊದಲು ಕಿರಾಣಿ ಅಂಗಡಿ, ಆಮೇಲೆ ಫೋನು, ಕೊನೆಗೆ ಸಭೆ. “ನನಗೆ ಉಗ್ಗು ಇದೆ, ಸ್ವಲ್ಪ ತಡವಾಗುತ್ತದೆ” ಎಂದು ಮೊದಲೇ ಹೇಳಿಬಿಡುವ ಅಭ್ಯಾಸ ಮಾಡಿಸಿದರು. ಬಚ್ಚಿಡುವ ಶ್ರಮ ತಪ್ಪಿದೊಡನೆ ಅರ್ಧ ಭಾರ ಇಳಿಯಿತೆಂದು ಅವನೇ ಹೇಳುತ್ತಾನೆ. ಉಗ್ಗು ಈಗಲೂ ಇದೆ. ಆದರೆ ಬ್ಯಾಂಕಿಗೆ ತಾನೇ ಹೋಗುತ್ತಾನೆ, ಬಡ್ತಿಗೂ ಅರ್ಜಿ ಹಾಕಿದ್ದಾನೆ.

1965ರಲ್ಲಿ ಆರಂಭವಾದ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ವಾಕ್ ಚಿಕಿತ್ಸಕರೂ ಮನಶ್ಶಾಸ್ತ್ರಜ್ಞರೂ ಇದ್ದಾರೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿಯೂ ಇಂಥ ಸೇವೆಯುಂಟು. ವಯಸ್ಸು ಮೀರಿತೆಂದು ಯಾರೂ ಹಿಂಜರಿಯಬೇಕಿಲ್ಲ.

ಉಳಿದವರಲ್ಲಿ ನನ್ನದೊಂದು ವಿನಂತಿ. ಉಗ್ಗುವವರ ಮಾತನ್ನು ನೀವು ಪೂರ್ತಿ ಮಾಡಬೇಡಿ. ‘ನಿಧಾನ, ಗಾಬರಿಯಾಗಬೇಡ’ ಎಂದೂ ಹೇಳಬೇಡಿ. ಮುಖ ನೋಡುತ್ತ, ಅವರ ಮಾತು ಮುಗಿಯುವವರೆಗೆ ಕಾಯಿರಿ. ಅಷ್ಟು ಪುರಸೊತ್ತು ನಮ್ಮೆಲ್ಲರ ಬಳಿಯೂ ಇದೆ.